ಹಾರ ಹಾಕದ ರೈಲಿನ ಫೋಟೋ

ಇಂಥ ಕಥೆಗಳನ್ನು ಬೇರೆಯವರು ಹೇಳುವಾಗ ಒಳಗೊಳಗೇ ನಕ್ಕವಳು ನಾನು. ದಹಿಸರ್‌ನಲ್ಲಿ ನಾನು ಓದಿದ್ದು ಕಾನ್ವೆಂಟ್ ಶಾಲೆಯಲ್ಲಿ. ಒಮ್ಮೆ ಬೆಕ್ಕು ಅಡ್ಡ ಬಂತೆಂದು ಪರೀಕ್ಷೆಗೆ ತಡವಾಗಿ ಬಂದ ಹುಡುಗಿಯೊಬ್ಬಳಿಗೆ ನಮ್ಮ ಸಿಸ್ಟರ್, "ಬೆಕ್ಕಿಗೂ ಆ ಕಡೆ ಏನೋ ಕೆಲಸವಿತ್ತು, ಅಷ್ಟೇ" ಎಂದು ಶಾಂತವಾಗಿ ಹೇಳಿ ಒಳಗೆ ಕಳಿಸಿದ್ದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮದುವೆಯಾಗಿ ಮಲಾಡ್‌ಗೆ ಬಂದ ಮೇಲೆ ಬಿಲ್ಡಿಂಗಿನ ಹೆಂಗಸರು ದೃಷ್ಟಿ, ಗಾಳಿ, ಕನಸಿನಲ್ಲಿ ಬಂದು ಮಾತಾಡಿದ ಹಿರಿಯರು ಎಂದು ಸುದ್ದಿ ತೆಗೆದರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆಪ ಹೇಳಿ ಎದ್ದು ಬರುತ್ತಿದ್ದೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ನನ್ನನ್ನು ಕ್ಷಮಿಸಲಿ. ಈಗ ಎಲ್ಲವನ್ನೂ ನಂಬುತ್ತೇನೆ ಎಂದು ಇದರ ಅರ್ಥವಲ್ಲ. ಒಂಬತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು, ನನಗೆ ನೆನಪಿರುವಷ್ಟು, ನಡೆದ ಹಾಗೆಯೇ ಹೇಳುತ್ತೇನೆ.

ಇದು ನನ್ನ ಅತ್ತೆಯ ಸಂಗತಿ, ಮತ್ತು ಒಂದು ಫೋಟೋದ ಸಂಗತಿ.

ಫೋಟೋ ಇದ್ದದ್ದು ನಮ್ಮ ಮನೆಯಲ್ಲಲ್ಲ, ದಾದರ್‌ನಲ್ಲಿ, ಶೀನ ಮಾಮನ ಹೋಟೆಲಿನಲ್ಲಿ. ಶೀನ ಮಾಮ ಅತ್ತೆಯ ಚಿಕ್ಕಮ್ಮನ ಮಗ. ಉಡುಪಿ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು, ಅಡುಗೆಮನೆಯಲ್ಲಿ ರುಬ್ಬುವುದರಿಂದ ಹಿಡಿದು ಎಲ್ಲವನ್ನೂ ಮಾಡಿ, ಕೊನೆಗೆ ಸ್ವಂತ ಹೋಟೆಲು ಇಟ್ಟವರು. ಅವರ ಕೌಂಟರಿನ ಹಿಂದೆ ಶ್ರೀಕೃಷ್ಣನ ಪಟವಿತ್ತು. ಎದುರಿನ ಗೋಡೆಯಲ್ಲಿ, ಫ್ಯಾನಿನ ಗಾಳಿ ತಾಗುವಷ್ಟು ಎತ್ತರದಲ್ಲಿ, ಈ ರೈಲಿನ ಫೋಟೋ. ಹಳೇ ಸಾಮಾನಿನ ಬಜಾರಿನಲ್ಲಿ ಸಿಕ್ಕಿತೆಂದು ಮಾಮ ತಂದು ಹಾಕಿದ್ದರು.

ದೇಶದ ದೊಡ್ಡ ನಾಯಕರೊಬ್ಬರು ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಹೊತ್ತ ರೈಲು ಯಾವುದೋ ಸಣ್ಣ ಸ್ಟೇಷನ್ನನ್ನು ದಾಟುತ್ತಿರುವ ಚಿತ್ರ ಅದು. ಎಂಜಿನ್ನಿನ ಮುಖದ ತುಂಬ ಹೂವು, ಮೇಲೆ ಬಾವುಟ. ಪ್ಲಾಟ್‌ಫಾರ್ಮಿನ ಮೇಲೆ, ಮರದ ಮೇಲೆ, ನೀರಿನ ಟ್ಯಾಂಕಿನ ಏಣಿಯ ಮೇಲೆ, ಎಲ್ಲಿ ನೋಡಿದರೂ ಜನ. ವಿಚಿತ್ರವೆಂದರೆ ಅಷ್ಟು ಜನರಲ್ಲಿ ಒಬ್ಬರ ಮುಖವೂ ಕಾಣುವುದಿಲ್ಲ. ಎಲ್ಲರೂ ರೈಲಿನ ಕಡೆ ತಿರುಗಿ ನಿಂತಿದ್ದಾರೆ. ಬಲಗಡೆಯ ತೀರ ಅಂಚಿನಲ್ಲಿ, ಎಲ್ಲರಿಗಿಂತ ಸ್ವಲ್ಪ ಎತ್ತರವಾಗಿ, ಒಬ್ಬ ಮನುಷ್ಯನ ಭುಜದ ಮೇಲೆ ಒಂದು ಮಗು ಕೂತಿದೆ. ಮಗುವಿನ ತಲೆಗೆ ಶಾಲು ಹೊದೆಸಿದ್ದಾರೆ. ಹೆಣ್ಣೋ ಗಂಡೋ ಎಂದು ಹೇಳುವುದಕ್ಕೂ ಆಗುವುದಿಲ್ಲ.

"ಅದು ನಾನು" ಎನ್ನುತ್ತಿದ್ದರು ಅತ್ತೆ. "ಹೊತ್ತುಕೊಂಡದ್ದು ಅಪ್ಪಯ್ಯ."

ಅತ್ತೆಯ ಅಪ್ಪಯ್ಯ ಉತ್ತರದ ಕಡೆಯ ಒಂದು ರೈಲ್ವೆ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಅತ್ತೆ ಹುಟ್ಟಿದಾಗಲೇ ತಾಯಿ ಹೋಗಿದ್ದರಿಂದ ಮಗುವನ್ನು ಅವರು ಒಲೆಯ ಪಕ್ಕದಲ್ಲೇ ಮಲಗಿಸಿ ಬೆಳೆಸಿದರು. ಆ ರೈಲು ಬಂದ ದಿನ ಒಲೆ ಆರಿಸಿ, ಮಗಳನ್ನು ಭುಜದ ಮೇಲೆ ಕೂರಿಸಿಕೊಂಡು, ಬಿಸಿಲಿಗೆ ತನ್ನ ಶಾಲನ್ನೇ ಅವಳ ತಲೆಗೆ ಹೊದೆಸಿ ಪ್ಲಾಟ್‌ಫಾರ್ಮಿಗೆ ಬಂದರಂತೆ. ಮುಂದಿನ ವರ್ಷವೇ ಜ್ವರ ಬಂದು ಅವರೂ ತೀರಿಕೊಂಡರು. ಯಾರೋ ಪುಣ್ಯಾತ್ಮರು ಮಗುವನ್ನು ಉಡುಪಿಗೆ ಕರೆತಂದು ಚಿಕ್ಕಮ್ಮನ ಕೈಗೆ ಒಪ್ಪಿಸಿದರು. ಅಪ್ಪನದೆಂದು ಒಂದು ಪಂಚೆಯಾಗಲಿ, ಒಂದು ಫೋಟೋ ಆಗಲಿ ಜೊತೆಯಲ್ಲಿ ಬರಲಿಲ್ಲ. ಅಪ್ಪನ ಮುಖ ಅತ್ತೆಗೆ ನೆನಪಿರಲಿಲ್ಲ. ನೆನಪಿದ್ದದ್ದು ಮೇಲಿನಿಂದ ಕಂಡ ನಡುನೆತ್ತಿ, ಮತ್ತು ಹಿಡಿದುಕೊಳ್ಳಲು ಅನುಕೂಲವಾಗಿದ್ದ ಎರಡು ಕಿವಿಗಳು.

ಹಾಗಾಗಿ ಮಾಮ ಆ ಫೋಟೋ ತೂಗುಹಾಕಿದ ವಾರ, ದೋಸೆಯ ಪ್ಲೇಟು ಕೈಯಲ್ಲಿ ಹಿಡಿದುಕೊಂಡೇ ಅತ್ತೆ ಅದರ ಮುಂದೆ ನಿಂತುಬಿಟ್ಟರಂತೆ. "ಆ ಕಿವಿ ನೋಡು ಶೀನ, ಮೊರದ ಹಾಗೆ ಹೊರಗೆ ಬಂದಿದೆ. ನನ್ನದು ನೋಡು. ಇನ್ನೆಂತ ಸಾಕ್ಷಿ ಬೇಕು ನಿಂಗೆ?"

ನಂತರ ಒಂದು ಕಟ್ಟಳೆಯನ್ನೂ ಹಾಕಿದರು. "ಇದಕ್ಕೆ ಹಾರ ಹಾಕ್ಲಿಕ್ಕಿಲ್ಲ, ಆಯ್ತಾ? ಅಪ್ಪಯ್ಯನಿಗೆ ಹಾಕುವ, ಅಡ್ಡಿಯಿಲ್ಲ. ಆದ್ರೆ ಮೇಲೆ ನಾನು ಕೂತಿದ್ದೇನಲ್ಲ. ಬದುಕಿದ್ದವಳ ಫೋಟೋಕ್ಕೆ ಯಾರಾದ್ರೂ ಹಾರ ಹಾಕ್ತಾರಾ?"

"ಅಕ್ಕ, ಹಾಗಾದ್ರೆ ಉಳಿದ ಸಾವಿರ ಜನ ಇದ್ದಾರಲ್ಲ, ಅವರ ಗತಿ ಎಂತ?" ಎಂದು ಮಾಮ ತಮಾಷೆ ಮಾಡಿದರೆ, "ಅವರದ್ದು ಅವರ ಮನೆಯವರು ನೋಡಿಕೊಳ್ತಾರೆ. ನನ್ನದು ನೀನು ನೋಡು" ಎಂದು ಉತ್ತರ.

ಮಾಮ ಆ ಮಾತನ್ನು ಅಕ್ಷರಶಃ ನಡೆಸಿದರು. ದಸರೆಯ ಪೂಜೆಯ ದಿನ ಗ್ರೈಂಡರಿಗೂ, ಕೌಂಟರಿಗೂ, ಬಾಗಿಲಿಗೂ ಚೆಂಡುಹೂವಿನ ಮಾಲೆ ಬೀಳುತ್ತಿತ್ತು. ರೈಲಿನ ಫೋಟೋಕ್ಕೆ ಮಾತ್ರ ಒಂದು ಊದುಬತ್ತಿ. ಇಷ್ಟು ದೊಡ್ಡ ನಾಯಕರ ಫೋಟೋಕ್ಕೆ ಹಾರ ಇಲ್ಲವೇ ಎಂದು ಗಿರಾಕಿಗಳು ಕೇಳಿದರೆ, "ಅದರಲ್ಲಿ ನಮ್ಮ ಅಕ್ಕ ಇದ್ದಾಳೆ. ಪ್ರತಿ ತಿಂಗಳು ದೋಸೆ ತಿನ್ಲಿಕ್ಕೆ ಬರ್ತಾಳೆ, ಬೇಕಾದ್ರೆ ಕೇಳಿ" ಎನ್ನುತ್ತಿದ್ದರು.

ನಾನು ಈ ಮಾತಿಗೆ ಎಂದೂ ಎದುರಾಡಿದವಳಲ್ಲ. ಆದರೆ ಮನಸ್ಸಿನಲ್ಲಿ, ಆ ದಿನ ಎಷ್ಟು ಊರುಗಳಲ್ಲಿ ಎಷ್ಟು ಅಪ್ಪಂದಿರು ಎಷ್ಟು ಮಕ್ಕಳನ್ನು ಭುಜದ ಮೇಲೆ ಕೂರಿಸಿಕೊಂಡಿದ್ದರೋ ಎಂದುಕೊಳ್ಳುತ್ತಿದ್ದೆ. ಅತ್ತೆ ಸೂಕ್ಷ್ಮದವರು. ನನ್ನ ಮೌನವನ್ನು ಓದಿ, "ನಿನ್ನ ಸಿಸ್ಟರ್ ಬಂದು ಬೋರ್ಡಿನ ಮೇಲೆ ಬರೆದು ತೋರಿಸಿದ್ರೂ ಅದು ನಾನೇ ಮಾರಾಯ್ತಿ" ಎಂದು ನಗುತ್ತಿದ್ದರು.

ಆ ವರ್ಷ ದೀಪಾವಳಿಗೆ ಇನ್ನೂ ಎರಡು ವಾರವಿತ್ತು. ಅತ್ತೆಗೆ ಆಗ ಎಪ್ಪತ್ತು ದಾಟಿತ್ತು, ಆದರೆ ಗಟ್ಟಿಯಾಗಿದ್ದರು. ಕೆಳಗಿನ ತರಕಾರಿಯವನ ಹತ್ತಿರ ಇಳಿದು ಹೋಗಿ ಚೌಕಾಸಿ ಮಾಡಿ ಬರುವಷ್ಟು. ಒಂದು ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ಕುತ್ತಿಗೆ ತುರಿಸಿಕೊಂಡರು. ಏನೋ ಚುಚ್ಚುತ್ತದೆ ಎಂದರು. ಹೊಸ ರವಿಕೆಯ ಹೊಲಿಗೆ ಇರಬೇಕೆಂದು ಬೇರೆ ಕೊಟ್ಟೆ. ಸಂಜೆ ಹೊತ್ತಿಗೆ ಅದನ್ನೂ ಬಿಚ್ಚಿ, ಹಳೇ ಮೆತ್ತನೆಯ ಸೀರೆ ಸುತ್ತಿಕೊಂಡು ಮಲಗಿದರು. ಕುತ್ತಿಗೆಯ ಚರ್ಮದ ಮೇಲೆ ನನಗೇನೂ ಕಾಣಲಿಲ್ಲ. ಒಂದು ಗುಳ್ಳೆ ಇಲ್ಲ, ಕೆಂಪು ಇಲ್ಲ.

ಮರುದಿನದಿಂದ ಊಟ ಬಿಟ್ಟರು. ಹಟ ಮಾಡಿ ಬಿಟ್ಟದ್ದಲ್ಲ. ತುತ್ತು ಬಾಯಿಗಿಟ್ಟರೆ ಗಂಟಲಿನಲ್ಲಿ ನಿಂತುಬಿಡುತ್ತದೆ ಎನ್ನುತ್ತಿದ್ದರು. ಡಾಕ್ಟರು ನೋಡಿದರು. ಎರಡು ದಿನ ಆಸ್ಪತ್ರೆಯಲ್ಲಿಟ್ಟು ಬಾಟಲಿ ಹಾಕಿದರು, ರಕ್ತ ಪರೀಕ್ಷೆ, ಗಂಟಲ ಪರೀಕ್ಷೆ, ಎದೆಯ ಫೋಟೋ ಎಲ್ಲ ಆಯಿತು. ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. "ವಯಸ್ಸಾಯಿತು, ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಿ" ಎಂದು ಒಂದು ಟಾನಿಕ್ಕಿನ ಹೆಸರು ಬರೆದುಕೊಟ್ಟು ಕಳಿಸಿದರು. ಆ ಮಾತಿನ ಅರ್ಥ ನಮಗೆ ತಿಳಿಯಿತು. ಉಡುಪಿಯಿಂದ ನಾದಿನಿ ದಿನಾ ಫೋನ್ ಮಾಡಿ, "ನಾನು ಹೊರಡಲಾ?" ಎಂದು ಕೇಳುತ್ತಿದ್ದಳು. ನನ್ನ ಗಂಡ ಆಫೀಸಿಗೆ ರಜೆ ಹಾಕಿ, ತಾಯಿಯ ಮಂಚದ ಪಕ್ಕದಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಒಂದೇ ಪುಟವನ್ನು ಗಂಟೆಗಟ್ಟಲೆ ಹಿಡಿದಿರುತ್ತಿದ್ದರು.

ಅತ್ತೆಯ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಎರಡೂ ಕೈಗಳಿಂದ ಕುತ್ತಿಗೆಯ ಹತ್ತಿರ ಏನನ್ನೋ ಹಿಡಿದು ತಲೆಯ ಮೇಲಿಂದ ತೆಗೆಯುವ ಹಾಗೆ ಮಾಡುತ್ತಿದ್ದರು. ಅರ್ಧ ತೆಗೆದು ಸೋತು ಕೈಬಿಡುತ್ತಿದ್ದರು.

"ಇದನ್ನೊಮ್ಮೆ ತೆಗಿ ಮಗಾ" ಎಂದರು ಒಂದು ದಿನ.

"ಯಾವುದನ್ನು ಅತ್ತೆ?"

"ಹಾರ. ಸಿಪ್ಪೆ ಸಿಪ್ಪೆ ಚುಚ್ತದೆ. ಮತ್ತೆ ಆ ಗಂಧದ ವಾಸನೆ. ಉಂಡದ್ದೆಲ್ಲ ಗಂಧ ಗಂಧ ಆಗ್ತದೆ."

ಮನೆಯಲ್ಲಿ ಆಗ ಗಂಧದ್ದು ಏನೂ ಇರಲಿಲ್ಲ. ದೇವರ ಮುಂದೆ ಹಚ್ಚುವ ಊದುಬತ್ತಿಯೂ ಮಲ್ಲಿಗೆಯದು. ಆದರೂ ಅದನ್ನು ನಿಲ್ಲಿಸಿದೆ. ಸೋಪನ್ನೂ ಬದಲಿಸಿದೆ. ಬಲಹೀನತೆಯಲ್ಲಿ ಹೀಗೆಲ್ಲ ಅನಿಸುವುದುಂಟು ಎಂದು ಗಂಡನಿಗೆ ಸಮಾಧಾನ ಹೇಳಿದೆ. ಅವರ ಕುತ್ತಿಗೆಯಿಂದ ಇಲ್ಲದ ಹಾರವನ್ನು ತೆಗೆದ ಹಾಗೆ ಒಮ್ಮೆ ನಟಿಸಿಯೂ ನೋಡಿದೆ. ಅತ್ತೆ ನನ್ನ ಕೈ ನೋಡಿದರು, ಖಾಲಿ ಕೈ. "ಮಕ್ಕಳಾಟ ಆಡ್ಬೇಡ ಮಾರಾಯ್ತಿ" ಎಂದು ಗೋಡೆ ಕಡೆ ತಿರುಗಿದರು. ನನಗೆ ಅಳು ಬಂತು.

ಹೀಗೆ ಹನ್ನೆರಡನೆಯ ದಿನ. ಬಾಯಿಗೆ ನೀರಲ್ಲದೆ ಏನೂ ಹೋಗುತ್ತಿರಲಿಲ್ಲ. ಶೀನ ಮಾಮನ ಹೋಟೆಲಿನ ಸಾರೆಂದರೆ ಅತ್ತೆಗೆ ಪ್ರಾಣ. ನಾನೆಷ್ಟು ಚೆನ್ನಾಗಿ ಸಾರು ಮಾಡಿದರೂ, "ಚೆನ್ನಾಗಿದೆ. ಶೀನನದ್ದಲ್ಲ" ಎನ್ನುವವರು. ಆ ಸಾರು ತಂದರೆ ಎರಡು ಚಮಚವಾದರೂ ಇಳಿದೀತು ಎಂಬ ಆಸೆಯಿಂದ, ಗಂಡನನ್ನು ಮನೆಯಲ್ಲಿ ಬಿಟ್ಟು, ಸ್ಟೀಲಿನ ಡಬ್ಬಿ ಹಿಡಿದು ಮಧ್ಯಾಹ್ನದ ಲೋಕಲ್ ಹತ್ತಿದೆ. ನಾನು ದಾದರ್‌ಗೆ ಹೋದದ್ದು ಸಾರಿಗಾಗಿಯೇ ಹೊರತು ಇನ್ಯಾವುದಕ್ಕೂ ಅಲ್ಲ. ಫೋಟೋ ನನ್ನ ನೆನಪಿನಲ್ಲೇ ಇರಲಿಲ್ಲ.

ಹೋಟೆಲಿಗೆ ಹೊಸ ಬಣ್ಣ ಹೊಡೆದಿದ್ದರು. ಕೌಂಟರಿನಲ್ಲಿ ಶೀನ ಮಾಮ ಇರಲಿಲ್ಲ. ಕಣ್ಣಿನ ಆಪರೇಷನ್ನಿಗೆಂದು ಊರಿಗೆ ಹೋಗಿ ಒಂದು ತಿಂಗಳಾಗಿತ್ತು, ಅದು ನಮಗೂ ಗೊತ್ತಿತ್ತು. ಅವರ ಸೊಸೆ ಕೇತಕಿ ಕೂತಿದ್ದಳು. ಪುಣೆಯ ಮರಾಠಿ ಹುಡುಗಿ, ಚುರುಕು, ಬಾಯಿ ತುಂಬ ಮಾತು. ಸಾರು ಡಬ್ಬಿಗೆ ತುಂಬಿಸಲು ಒಳಗೆ ಕೊಟ್ಟು, ಅತ್ತೆಯ ಆರೋಗ್ಯ ವಿಚಾರಿಸಿದಳು. ಉತ್ತರ ಹೇಳುತ್ತ ಸುಮ್ಮನೆ ಎದುರಿನ ಗೋಡೆಯ ಕಡೆ ಕಣ್ಣು ಹೋಯಿತು.

ರೈಲಿನ ಫೋಟೋಕ್ಕೆ ಹಾರ ಹಾಕಿತ್ತು. ಹೂವಿನದಲ್ಲ. ಗಂಧದ ಚಕ್ಕೆಗಳನ್ನು ಸುರುಳಿ ಮಾಡಿ ಪೋಣಿಸಿದ, ತೀರಿಕೊಂಡವರ ಫೋಟೋಕ್ಕೆ ಹಾಕುವ ಹಾರ.

ಪಕ್ಕದ ಮೇಜಿನವರು ಇಡ್ಲಿ ಮುರಿಯುತ್ತಿದ್ದ ಚಮಚದ ಶಬ್ದ ಇಂದಿಗೂ ನೆನಪಿದೆ.

"ಇದು ಯಾವಾಗ ಹಾಕಿದ್ದು ಕೇತಕಿ?"

"ಪೇಂಟಿಂಗ್ ಮುಗೀತಲ್ಲ ಕಾಕು, ಆಮೇಲೆ. ಈ ವಾರ... ನಹೀ ನಹೀ, ಹೋದ ವಾರ. ಮಂಡೇ ಮಾರ್ನಿಂಗ್, ಹೋಟೆಲ್ ಓಪನ್ ಮಾಡಿದ ದಿನ. ಎಲ್ಲ ಫೋಟೋಗೆ ಹೊಸ ಹಾರ ತಂದೆ, ಅದು ಒಂದೇ ಖಾಲಿ ಖಾಲಿ ಕಾಣ್ತಿತ್ತು. ಚೆನ್ನಾಗಿದೆ ನಾ?"

ಅತ್ತೆ ಕಾಫಿ ಕುಡಿಯುತ್ತ ಕುತ್ತಿಗೆ ತುರಿಸಿಕೊಂಡ ಸೋಮವಾರ.

ಅವಳ ತಪ್ಪೇನೂ ಇರಲಿಲ್ಲ. ಮನೆಗೆ ಬಂದು ಎರಡು ವರ್ಷವಾಗಿತ್ತಷ್ಟೆ, ಅಕ್ಕನ ಕಟ್ಟಳೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ತೆಗೆಯಬೇಕು ಎಂದೆ. ಅವಳಿಗೆ ಕಸಿವಿಸಿಯಾಯಿತು. "ಎಲ್ಲರ ಎದುರು ಲೀಡರ್ ಫೋಟೋದ ಹಾರ ತೆಗೆದ್ರೆ ಗಿರಾಕಿ ಏನು ಅಂತಾರೆ ಕಾಕು? ರಾತ್ರಿ ಕ್ಲೋಸ್ ಆದ ಮೇಲೆ ತೆಗೀತೀನಿ." ನಾನು ಕೇಳಲಿಲ್ಲ. ಕಾರಣ ಹೇಳಲು ಹೋದರೆ ನನ್ನ ಬಾಯಿಂದ ಅದು ಹೊರಡುತ್ತಲೂ ಇರಲಿಲ್ಲ. ಕೊನೆಗೆ ಅವಳೇ ಮಾವನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಹಾರ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಶೀನ ಮಾಮ ಊರಿನಿಂದ ಕೂಗಿದ ಕೂಗು ಹೋಟೆಲಿಡೀ ಕೇಳಿತು.

"ಅಯ್ಯೋ ದೇವರೇ, ತೆಗಿ! ಅಕ್ಕ ಇದ್ದಾಳೆ ಮಾರಾಯ್ತಿ ಅದರಲ್ಲಿ! ಮೊದ್ಲು ತೆಗಿ, ಮತ್ತೆ ಮಾತು!"

ಮೇಜಿನವರೆಲ್ಲ ತಿರುಗಿ ನೋಡಿದರು. ನಾನು ಒಂದು ಕುರ್ಚಿ ಎಳೆದು, ಚಪ್ಪಲಿ ಬಿಟ್ಟು ಹತ್ತಿದೆ. ಸೀರೆ ಉಟ್ಟು ಕುರ್ಚಿ ಹತ್ತಿ ನಿಂತದ್ದು ಜೀವನದಲ್ಲಿ ಅದೇ ಮೊದಲಿರಬೇಕು. ಆದರೂ ಫೋಟೋ ತಲೆಗಿಂತ ಮೇಲೆಯೇ ಇತ್ತು. ಮುಖ ತಗ್ಗಿಸಿ, ಕೈ ಎತ್ತಿ, ತಡಕಿ ಹಾರವನ್ನು ಮೊಳೆಯಿಂದ ಬಿಡಿಸಿದೆ. ಗಂಧದ ಎರಡು ಚಕ್ಕೆ ನನ್ನ ತೋಳಿನ ಮೇಲೆ ಉದುರಿದವು. ಗಂಟೆ ಎಷ್ಟೆಂದು ನೋಡಲಿಲ್ಲ. ನೋಡಿದ್ದರೆ ಇಂದು ಇನ್ನಷ್ಟು ಖಾತ್ರಿಯಾಗಿ ಬರೆಯಬಹುದಿತ್ತು.

ಆ ಹಾರವನ್ನು ಹೋಟೆಲಿನಲ್ಲಿ ಬಿಡಲು ಮನಸ್ಸಾಗಲಿಲ್ಲ, ಮನೆಗೆ ಒಯ್ಯುವುದಂತೂ ಸಾಧ್ಯವೇ ಇರಲಿಲ್ಲ. ಕೇತಕಿ ಕೊಟ್ಟ ಕಾಗದದ ಚೀಲದಲ್ಲಿಟ್ಟು ಸಮುದ್ರ ದಂಡೆಯ ಚೌಪಾಟಿಯವರೆಗೆ ನಡೆದು, ಅಲ್ಲಿ ದೇವರ ಹೂವು ಹಾಕಲು ಇಟ್ಟಿರುವ ನಿರ್ಮಾಲ್ಯದ ಡ್ರಮ್ಮಿನಲ್ಲಿ ಹಾಕಿದೆ. ಆಮೇಲೆ ಸಾರಿನ ಡಬ್ಬಿಯನ್ನು ಎದೆಗೊತ್ತಿಕೊಂಡು, ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಮಲಾಡ್‌ಗೆ ಬಂದೆ. ದಾರಿಯುದ್ದಕ್ಕೂ, ನೀನೆಂಥ ದಡ್ಡಿ, ಓದಿದವಳು, ಎಂದು ನನಗೆ ನಾನೇ ಬೈದುಕೊಳ್ಳುತ್ತಿದ್ದೆ. ಜೊತೆಗೇ ಬೇರೊಂದು ಪ್ರಾರ್ಥನೆಯೂ ನಡೆದಿತ್ತು. ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪ್ರಾರ್ಥನೆ ಅದು. ಗಾಬರಿಯಾದಾಗ ನನಗೆ ಮೊದಲು ಬಾಯಿಗೆ ಬರುವುದು ಇಂದಿಗೂ ಅದೇ.

ಬಾಗಿಲು ತೆರೆದವರು ನನ್ನ ಗಂಡ. ಅವರ ಮುಖ ನೋಡಿ ನನ್ನ ಜೀವ ಹಾರಿತು. ಕಣ್ಣು ಒದ್ದೆಯಾಗಿತ್ತು.

"ಅಮ್ಮ ಎದ್ದು ಕೂತಿದ್ದಾಳೆ" ಎಂದರು. "ಆಗಲೇ ಎದ್ದಳು. ತಲೆ ಬಾಚು ಅಂದಳು. ನನಗೆಲ್ಲಿ ಬರುತ್ತದೆ!"

ಅತ್ತೆ ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. ಮಗ ಹಾಕಿದ ಜಡೆ ಒಂದು ಕಡೆ ವಾಲಿತ್ತು. ಕೈಗಳು ಮಡಿಲಲ್ಲಿ ಸುಮ್ಮನಿದ್ದವು. ನನ್ನ ಕೈಯ ಡಬ್ಬಿಯನ್ನು ನೋಡಿ, "ಶೀನನ ಸಾರಾ? ಸ್ವಲ್ಪ ಅನ್ನ ಹಿಸುಕು" ಎಂದರು.

ಅನ್ನ ಹಿಸುಕಿ, ಸಾರು ಹಾಕಿ, ಚಮಚದಲ್ಲಿ ತಿನ್ನಿಸಿದೆ. ಏಳು ಚಮಚ. ಹಾರದ ವಿಷಯ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಬಾಯಿ ಒರೆಸಿ, ಮತ್ತೆ ಮಲಗಿಸಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ. ಆಗ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ನಿನ್ನ ಬೈತಲೆಯಲ್ಲಿ ಇಷ್ಟು ಬಿಳಿ ಕೂದಲು ಬಂದದ್ದು ನಾನು ನೋಡ್ಲೇ ಇಲ್ಲ ಮಗಾ. ಇವತ್ತು ಕಂಡಿತು. ಮೇಲಿಂದ."

ಆಮೇಲೆ ನಿದ್ದೆ ಹೋದರು.

ಓದುಗರು ಏನು ಬೇಕಾದರೂ ಹೇಳಬಹುದು. ನಾನೂ ಅದನ್ನೆಲ್ಲ ನನಗೆ ಹೇಳಿಕೊಂಡಿದ್ದೇನೆ. ಟಾನಿಕ್ಕು ಹಿಡಿದಿರಬಹುದು. ಕೇತಕಿ ಮನೆಗೆ ಫೋನ್ ಮಾಡಿ ಕುರ್ಚಿ ಹತ್ತಿದ ಕಥೆ ಹೇಳಿರಬಹುದು. ಕೇಳಿದೆ, ಇಲ್ಲವೆಂದಳು, ಗಂಡನೂ ಇಲ್ಲವೆಂದರು. ತುತ್ತು ಕೊಡುವಾಗ ನಾನು ಬಗ್ಗಿದ್ದೆ, ಆಗ ಬೈತಲೆ ಕಂಡಿರಬಹುದು. ಮೇಲಿಂದ ಎನ್ನುವ ಒಂದು ಮಾತನ್ನು ಮಾತ್ರ ಎಲ್ಲಿಟ್ಟರೂ ಅದು ಕೂರುವುದಿಲ್ಲ. ಗಂಧದ ವಾಸನೆಗೆ ನನ್ನಲ್ಲಿ ಉತ್ತರವೇ ಇಲ್ಲ. ಆದರೂ ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೆ ಒಂದು ಬಗೆಯ ವಿವರಣೆ ಸಿಕ್ಕಿತ್ತು. ನನ್ನ ಶಾಲೆ ಒಪ್ಪದ ವಿವರಣೆ, ಇರಲಿ. ಅತ್ತೆ ಆ ಫೋಟೋದಲ್ಲಿ ಇದ್ದಾರೆ. ಬದುಕಿರುವವರಿಗೆ ಹಾರ ಹಾಕಿದರು. ತೆಗೆದ ಮೇಲೆ ಹಗುರವಾಯಿತು. ಅಷ್ಟನ್ನು ನಂಬಿದರೆ ಎಲ್ಲವೂ ಸರಿಹೋಗುತ್ತಿತ್ತು, ನಾನು ನಂಬಿಯೂ ಇದ್ದೆ.

ಅತ್ತೆ ಚೇತರಿಸಿಕೊಂಡರು. ದೀಪಾವಳಿಯ ದಿನ ಎಣ್ಣೆ ನೀರು ಹಾಕಿಸಿಕೊಂಡರು. ಮುಂದಿನ ಮಳೆಗಾಲದ ಹೊತ್ತಿಗೆ ತರಕಾರಿಯವನ ಜೊತೆ ಮತ್ತೆ ಜಗಳ ಶುರುವಾಯಿತು.

ಇದಾಗಿ ಮೂರು ವರ್ಷದ ಮೇಲೆ, ಚರ್ಚ್‌ಗೇಟ್ ಹತ್ತಿರ ಒಂದು ಹಾಲಿನಲ್ಲಿ ಹಳೆಯ ಫೋಟೋಗಳ ಪ್ರದರ್ಶನ ಇದೆಯೆಂದು ಪೇಪರಿನಲ್ಲಿ ನೋಡಿ, ಒಂದು ಮಧ್ಯಾಹ್ನ ಒಬ್ಬಳೇ ಹೋದೆ. ಎರಡನೆಯ ಕೋಣೆಯಲ್ಲಿ ಅದು ಇತ್ತು. ಅದೇ ರೈಲು, ಅದೇ ಎಂಜಿನ್ನು, ಅದೇ ನೀರಿನ ಟ್ಯಾಂಕು. ಆದರೆ ಅದು ಕೋಣೆಯ ಅರ್ಧ ಗೋಡೆ ತುಂಬುವಷ್ಟು ಅಗಲವಾಗಿತ್ತು. ಮಾಮನ ಹೋಟೆಲಿನಲ್ಲಿ ಇದ್ದದ್ದು ಎರಡೂ ಬದಿ ಕತ್ತರಿಸಿದ ಪ್ರತಿ ಎಂದು ಆಗ ತಿಳಿಯಿತು. ಎಡಗಡೆ ಸ್ಟೇಷನ್ನಿನ ಬೋರ್ಡು ಪೂರ್ತಿ ಕಾಣುತ್ತಿತ್ತು. ಅದರಲ್ಲಿದ್ದ ಹೆಸರು ಅತ್ತೆ ಎಂದೂ ಹೇಳಿದ ಹೆಸರಲ್ಲ. ಕೆಳಗಿನ ಚೀಟಿಯಲ್ಲೂ ಅದೇ ಹೆಸರಿತ್ತು. ಅಲ್ಲಿ ಕೂತಿದ್ದ ಹಿರಿಯರನ್ನು ಕೇಳಿದೆ. ಚಿತಾಭಸ್ಮವನ್ನು ಆಗ ದೇಶದ ಹಲವು ಕಡೆಗೆ ಒಯ್ದಿದ್ದರು, ನೀವು ಹೇಳುವ ಸ್ಟೇಷನ್ನು ಈ ಮಾರ್ಗದಲ್ಲೇ ಬರುವುದಿಲ್ಲ, ಅಲ್ಲಿ ಬೇರೆ ರೈಲು ಹೋಗಿರಬೇಕು ಎಂದರು.

ಬೋರ್ಡು ತಪ್ಪಿರಬಹುದು ಎಂದು ಇನ್ನೂ ವಾದ ಮಾಡಬಹುದಿತ್ತೇನೋ. ಬಲಗಡೆ ನೋಡಿದೆ. ಮಾಮನ ಪ್ರತಿಯಲ್ಲಿ ಕತ್ತರಿಸಿಹೋಗಿದ್ದ ಜಾಗದಲ್ಲಿ, ಮಗುವನ್ನು ಹೊತ್ತ ಆ ಮನುಷ್ಯನಿಗೆ ಅಂಟಿಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಅವಳ ತಲೆಯ ಮೇಲೆ ಸೆರಗಿತ್ತು. ಒಂದು ಕೈ ಮೇಲೆತ್ತಿ, ಮಗು ಬೀಳದ ಹಾಗೆ ಅದರ ಪಾದವನ್ನು ಹಿಡಿದುಕೊಂಡಿದ್ದಳು. ಬೇರೆಯವರ ಮಗುವನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಅದು ತಾಯಿಯ ಕೈ.

ಅತ್ತೆಗೆ ತಾಯಿ ಇರಲಿಲ್ಲ. ಆ ಮಗು ಅತ್ತೆಯಲ್ಲ. ಆ ಕಿವಿ ಅವರ ಅಪ್ಪಯ್ಯನದಲ್ಲ.

ಮನೆಗೆ ಬಂದಾಗ ಅತ್ತೆ ಬಾಲ್ಕನಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. "ಎಂತೆಲ್ಲ ಇತ್ತು?" ಎಂದು ಕೇಳಿದರು. ಹಳೇ ಟ್ರಾಮು, ಗಿರಣಿ, ಬಂದರು ಎಂದೆಲ್ಲ ಹೇಳಿದೆ. ಸುಮ್ಮನಾಗಬಹುದಿತ್ತು. ಆದರೆ ನನ್ನ ಮುಖದಲ್ಲಿ ಏನೋ ಉಳಿದಿರಬೇಕು, ಅವರ ಕಣ್ಣು ಅಲ್ಲೇ ನಿಂತಿತ್ತು.

"ನಮ್ಮ ರೈಲಿನ ಫೋಟೋನೂ ಇತ್ತು ಅತ್ತೆ. ದೊಡ್ಡದು."

ಬೆಳ್ಳುಳ್ಳಿ ಕೈಯಲ್ಲೇ ನಿಂತಿತು. "ನಾವು ಇದ್ವಾ ಅದರಲ್ಲಿ?"

ನಾನು ಸುಳ್ಳು ಹೇಳಿ ಅಭ್ಯಾಸವಿರುವವಳಲ್ಲ. ಹೇಳಿದರೆ ಕಿವಿ ಬಿಸಿಯಾಗಿ ಸಿಕ್ಕಿಬೀಳುತ್ತೇನೆ. ಆದರೆ ಆ ಗಳಿಗೆಯಲ್ಲಿ ನನ್ನ ಮುಂದೆ ಇದ್ದದ್ದು ಒಂದೇ. ಈ ಮುದುಕಿಗೆ ಇಡೀ ಲೋಕದಲ್ಲಿ ಅಪ್ಪನೆಂದು ಇರುವುದು ಅಷ್ಟೇ, ಒಂದು ಬೆನ್ನು ಮತ್ತು ಎರಡು ಕಿವಿ.

"ಇದ್ರಿ ಅತ್ತೆ" ಎಂದೆ. "ಇಬ್ಬರೂ ಇದ್ರಿ. ಅದರಲ್ಲಿ ಇನ್ನೂ ಸ್ಪಷ್ಟ ಕಾಣ್ತದೆ."

ಅವರು ತಲೆಯಾಡಿಸಿದರು. "ನಾನು ಹೇಳ್ಲಿಲ್ವಾ" ಎಂದು, ಗೆದ್ದವರ ಹಾಗೆ ನಕ್ಕು, ಮತ್ತೆ ಬೆಳ್ಳುಳ್ಳಿ ಸುಲಿಯತೊಡಗಿದರು.

ಅಲ್ಲಿಂದ ನನ್ನ ಕೈಯಲ್ಲಿದ್ದ ಒಂದೇ ಒಂದು ವಿವರಣೆಯೂ ಹೋಯಿತು. ಅತ್ತೆ ಆ ಫೋಟೋದಲ್ಲಿ ಇಲ್ಲವೆಂದ ಮೇಲೆ, ಅದಕ್ಕೆ ಹಾಕಿದ ಹಾರ ಅವರ ಕುತ್ತಿಗೆಗೆ ಹೇಗೆ ಬಂತು? ಇದ್ದೇನೆಂದು ಅಷ್ಟು ವರ್ಷ ನಂಬಿದ್ದರಿಂದ ಬಂತೇ? ನಂಬಿಕೆಯಿಂದ ಮನುಷ್ಯರಿಗೆ ಕಾಯಿಲೆ ಬರಬಹುದು, ಗುಣವೂ ಆಗಬಹುದು, ಒಪ್ಪುತ್ತೇನೆ. ಆದರೆ ಹಾರ ಹಾಕಿದ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲವಲ್ಲ. ಗೊತ್ತಿಲ್ಲದ್ದನ್ನು ನಂಬುವುದು ಹೇಗೆ?

ಮುಂದಿನ ವರ್ಷ ಅತ್ತೆ ಹೋದರು. ಕಷ್ಟಪಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ಇನ್ನೊಂದು ಅರ್ಧ ಲೋಟ ಬೇಕೆಂದು ಹೇಳಿ, ನಾನು ತರುವಷ್ಟರಲ್ಲಿ. ಕುತ್ತಿಗೆ ಚುಚ್ಚುತ್ತದೆಂದು ಆಗ ಅವರು ಹೇಳಲಿಲ್ಲ, ಯಾವ ಫೋಟೋಕ್ಕೂ ಯಾರೂ ಏನೂ ಹಾಕಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಶೀನ ಮಾಮನ ಫೋನ್ ಬಂತು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದರು. ಆಮೇಲೆ, "ಅಲ್ಲ ಮಗಾ, ಒಂದು ಕೇಳ್ಬೇಕಿತ್ತು. ಆ ಫೋಟೋ... ಈಗ ಅಪ್ಪನೂ ಇಲ್ಲ, ಮಗಳೂ ಇಲ್ಲ. ಇನ್ನು ಹಾರ ಹಾಕಬಹುದಲ್ಲ? ಹಾಕದಿದ್ರೆ ಅಕ್ಕನಿಗೆ ಮರ್ಯಾದೆ ಕೊಡದ ಹಾಗೆ ಆಗ್ತದೆ" ಎಂದರು. ಹೊಸ ಹಾರವನ್ನು ಆಗಲೇ ತಂದಿಟ್ಟಿರಬೇಕು ಎಂದು ನನಗನಿಸಿತು.

ನಾನು ಅವರಿಗೂ ನಿಜ ಹೇಳಿಲ್ಲ. ನನ್ನ ಗಂಡನಿಗೂ ಹೇಳಿರಲಿಲ್ಲ. ಇದನ್ನು ಓದಿಯೇ ಅವರಿಗೆ ತಿಳಿಯಬೇಕು. ಆದರೆ ಮಾಮನ ಪ್ರಶ್ನೆ ಕೇಳಿದ್ದೇ ನನ್ನ ಕಣ್ಣ ಮುಂದೆ ಬಂದದ್ದು ಅತ್ತೆಯಲ್ಲ. ಮಗುವಿನ ಪಾದ ಹಿಡಿದುಕೊಂಡ ಆ ಕೈ. ಆ ಮಗುವಿಗೆ ಈಗ ಎಂಬತ್ತರ ಆಸುಪಾಸು. ಎಲ್ಲಿದೆಯೋ, ಯಾವ ಭಾಷೆ ಆಡುತ್ತದೆಯೋ. ಒಂದು ಫೋಟೋದಲ್ಲಿ ತಾನಿದ್ದೇನೆ ಎಂದು ಅದಕ್ಕೆ ಗೊತ್ತಿರಲಿಕ್ಕೂ ಇಲ್ಲ. ಮನೆಯವರು ಅನ್ನ ಕಲಸಿ ಕೊಟ್ಟರೆ ಇಂದು ರಾತ್ರಿಯೂ ಊಟ ಮಾಡೀತು.

"ಬೇಡ ಮಾಮ" ಎಂದೆ. "ಊದುಬತ್ತಿ ಹಚ್ಚಿ, ಸಾಕು."

"ಯಾಕೆ ಮಗಾ?"

ಗೊತ್ತಿಲ್ಲ ಮಾ‌ಮ, ಹಾಕಬೇಡಿ ಎಂದಷ್ಟೇ ಹೇಳಿದೆ. ಅವರು ಮತ್ತೆ ಕೇಳಲಿಲ್ಲ. ಫೋಟೋ ಈಗಲೂ ಹಾಗೆಯೇ ಇದೆ.